ಅಪ್ಪನಿಗೆ ಜ್ವರ ಇರಲಿಲ್ಲ: ಮನೆಯ ಕಥೆ ಹೇಳಿಕೊಳ್ಳಲು ಧೈರ್ಯ ತಂದುಕೊಳ್ಳುವ ದಾರಿ

ನಾನು ಬರೆದ ಮೊದಲ ಕಥೆ ಒಂದು ರಜಾ ಅರ್ಜಿ. ಆಗ ನಾನು ಆರನೇ ಕ್ಲಾಸು. ಅಪ್ಪ ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಮೇಷ್ಟ್ರು. ರಾತ್ರಿ ಕುಡಿದು ಬಂದರೆ ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳುತ್ತಿದ್ದಳು, "ಜ್ವರ ಅಂತ ಬರಿ." ನಾನು ಬರೆಯುತ್ತಿದ್ದೆ. "ಜ್ವರದ ನಿಮಿತ್ತ ಈ ದಿನ ಶಾಲೆಗೆ ಹಾಜರಾಗಲು ಸಾಧ್ಯವಾಗದ ಕಾರಣ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ಅಕ್ಷರ ಅಪ್ಪನದರ ಹಾಗೆ ದುಂಡಗೆ ಬರೆಯಲು ಕಲಿತಿದ್ದೆ. ಸಹಿ ಮಾತ್ರ ಅಪ್ಪ ಮಲಗಿದಲ್ಲೇ ಹಾಕುತ್ತಿದ್ದರು.

ಆ ಕಾಗದವನ್ನು ಹೆಡ್‌ಮೇಷ್ಟ್ರ ಮೇಜಿನ ಮೇಲೆ ಇಟ್ಟು ಬರುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಅವರಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಆದರೂ ಮೂವತ್ತು ವರ್ಷ ನಾನು ಇದನ್ನು ಯಾರಿಗೂ ಹೇಳಲಿಲ್ಲ. ನನ್ನ ಗಂಡನಿಗೂ ಪೂರ್ತಿ ಹೇಳಿರಲಿಲ್ಲ.

ಈಗ ಹೇಳುತ್ತೇನೆ. ಹೇಗೆ ಹೇಳುವ ಹಾಗಾಯಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಥೆ ಕುಡಿತದ್ದೇ ಆಗಿರಬೇಕಿಲ್ಲ. ಮುರಿದ ಮದುವೆ ಇರಬಹುದು, ಮಗುವಿನ ಕಾಯಿಲೆ ಇರಬಹುದು, ತಲೆಯ ಮೇಲೆ ಕೂತ ಸಾಲ ಇರಬಹುದು, ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗದ ದುಃಖ ಇರಬಹುದು. ನಾನು ಹತ್ತಿರದಿಂದ ಬಲ್ಲದ್ದು ಕುಡಿತದ ಮನೆ. ಹಾಗಾಗಿ ಉದಾಹರಣೆಗಳು ಅಲ್ಲಿಂದಲೇ ಬರುತ್ತವೆ.

ಮೊದಲಿಗೆ ಒಂದು ಗಾದೆ

"ಸಂಸಾರ ಗುಟ್ಟು, ವ್ಯಾಧಿ ರಟ್ಟು." ಈ ಗಾದೆಯನ್ನು ನಮ್ಮ ಮನೆಯಲ್ಲಿ ಅಜ್ಜಿ ಸಾವಿರ ಸಲ ಹೇಳಿರಬೇಕು. ಆದರೆ ಹೇಳುತ್ತಿದ್ದದ್ದು ಅರ್ಧ ಮಾತ್ರ. ಸಂಸಾರ ಗುಟ್ಟು, ಅಷ್ಟೇ. ವ್ಯಾಧಿಯನ್ನು ನಾಲ್ಕು ಜನಕ್ಕೆ ಹೇಳಬೇಕು, ಹೇಳಿದರೆ ಯಾರಾದರೂ ಮದ್ದು ತೋರಿಸುತ್ತಾರೆ ಅನ್ನುವ ಉಳಿದರ್ಧ ನಮ್ಮ ಹೊಸಿಲು ದಾಟಿ ಒಳಗೆ ಬರಲೇ ಇಲ್ಲ.

ಅಪ್ಪನದು ವ್ಯಾಧಿ. ಅಮೆರಿಕದ ವೈದ್ಯರ ಸಂಘ 1956ರಲ್ಲೇ ಕುಡಿತದ ಚಟವನ್ನು ಕಾಯಿಲೆ ಎಂದು ಒಪ್ಪಿಕೊಂಡಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಬೇರೆ ವಿಭಾಗ ಇದೆ. ನಮ್ಮ ಊರಿನಿಂದ ಒಂದೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬಹುದಿತ್ತು. ಆದರೆ ನಾವು ಅದನ್ನು ಕಾಯಿಲೆ ಅಂತ ನೋಡಲಿಲ್ಲ, ಸಂಸಾರದ ಗುಟ್ಟು ಅಂತ ಮುಚ್ಚಿಟ್ಟೆವು. ಇಲ್ಲದ ಜ್ವರವನ್ನು ಊರಿಗೆಲ್ಲ ಹೇಳಿದೆವು, ಇದ್ದ ಕಾಯಿಲೆಯನ್ನು ಬಚ್ಚಿಟ್ಟೆವು. ಅಪ್ಪ 2004ರಲ್ಲಿ ಲಿವರ್ ಕೆಟ್ಟು ತೀರಿಕೊಂಡರು. ಯಾರಿಗಾದರೂ ಮೊದಲೇ ಹೇಳಿದ್ದರೆ ಉಳಿಯುತ್ತಿದ್ದರಾ? ಗೊತ್ತಿಲ್ಲ. ಆ ಪ್ರಶ್ನೆಯೇ ನನ್ನನ್ನು ಕೊನೆಗೆ ಬಾಯಿ ಬಿಡಿಸಿದ್ದು.

ಹಾಗಾಗಿ ನಿಮ್ಮ ಕಥೆಯನ್ನು ಕೈಗೆತ್ತಿಕೊಂಡಾಗ ಈ ಗಾದೆಯನ್ನು ಪೂರ್ತಿ ಬಳಸಿ. ಇದರಲ್ಲಿ ಗುಟ್ಟಾಗಿ ಉಳಿಯಬೇಕಾದ್ದು ಯಾವುದು? ವ್ಯಾಧಿ ಯಾವುದು? ಗಂಡ ಹೆಂಡತಿ ನಡುವಿನ ಒಂದು ಮಾತು, ತಂಗಿ ನಂಬಿ ಹೇಳಿದ ಸಂಗತಿ, ಇವು ಗುಟ್ಟು. ಅವು ಒಳಗೇ ಇರಲಿ. ಒಳಗಿದ್ದಷ್ಟೂ ಕೊಳೆಯುವುದು ವ್ಯಾಧಿ. ಎಲ್ಲವನ್ನೂ ಹೇಳಿಬಿಡುವುದು ಧೈರ್ಯ ಅಂತ ಕೆಲವರು ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾವುದನ್ನು ಹೇಳಬೇಕು ಅಂತ ಆರಿಸಿಕೊಳ್ಳಲೂ ಅಷ್ಟೇ ಧೈರ್ಯ ಬೇಕು.

ಮೊದಲ ಹೆಜ್ಜೆ: ಆ ನಾಲ್ಕು ಜನರ ಹೆಸರು ಬರೆಯಿರಿ

"ನಾಲ್ಕು ಜನ ಏನಂತಾರೆ?" ನಮ್ಮ ಭಯಕ್ಕೆಲ್ಲ ಇದೇ ಹೆಸರು, ಅಲ್ವಾ? ಹಾಗಾದರೆ ಒಂದು ಕಾಗದ ತೆಗೆದುಕೊಳ್ಳಿ. ಆ ನಾಲ್ಕು ಜನ ಯಾರು ಅಂತ ನಿಜವಾಗಿಯೂ ಬರೆಯಿರಿ. ಹೆಸರು ಹಿಡಿದು ಬರೆಯಬೇಕು. "ಊರಿನವರು", "ನೆಂಟರು" ಅಂತ ಬರೆದರೆ ನಡೆಯುವುದಿಲ್ಲ.

ನಾನು ಬರೆದಾಗ ಹೀಗಿತ್ತು. ಒಂದು, ಅತ್ತೆ, ಅಂದರೆ ಅಪ್ಪನ ಅಕ್ಕ. ಎರಡು, ನಮ್ಮ ಬೀದಿಯಲ್ಲಿದ್ದ ಅಪ್ಪನ ಜೊತೆಗಾರ ಮೇಷ್ಟ್ರು. ಮೂರು, ನನ್ನ ಆಫೀಸಿನ ಒಬ್ಬ ಹಿರಿಯ ಸಹೋದ್ಯೋಗಿ. ನಾಲ್ಕನೆಯವರು ಯಾರು ಅಂತ ತುಂಬಾ ಹೊತ್ತು ಹೊಳೆಯಲಿಲ್ಲ. ಆಮೇಲೆ ಬರೆದೆ: ಅಮ್ಮ.

ಈಗ ಪ್ರತಿ ಹೆಸರಿನ ಮುಂದೆ ಎರಡು ಸಾಲು ಬರೆಯಿರಿ. ಇವರು ಏನು ಅನ್ನಬಹುದು? ಅಂದರೆ ನನಗೆ ನಿಜವಾಗಿ ಏನು ನಷ್ಟ? ಜೊತೆಗಾರ ಮೇಷ್ಟ್ರು ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಇಲ್ಲದವರಿಗೆ ನಾನು ಇಷ್ಟು ವರ್ಷ ಹೆದರಿದ್ದೆ. ಸಹೋದ್ಯೋಗಿ ಒಂದು ವಾರ ಆಡಿಕೊಳ್ಳಬಹುದು. ಅತ್ತೆ ಮಾತು ಬಿಡಬಹುದು, ಅದು ನಿಜವಾದ ನಷ್ಟ, ಯೋಚಿಸಬೇಕಾದ ನಷ್ಟ. ಅಮ್ಮನಿಗೆ ನೋವಾಗಬಹುದು, ಅದು ಎಲ್ಲಕ್ಕಿಂತ ದೊಡ್ಡದು. ನೋಡಿ, ಊರಗಲ ಇದ್ದ ಭಯ ಎರಡು ಹೆಸರಿಗೆ ಬಂದು ನಿಂತಿತು. ಎರಡು ಹೆಸರಾದರೆ ಅವರ ಮನೆಗೇ ಹೋಗಿ ಮಾತಾಡಬಹುದು.

ಇನ್ನೊಂದು ವಿಷಯ. ನಮ್ಮನ್ನು ಎಲ್ಲರೂ ನೋಡುತ್ತಿದ್ದಾರೆ ಅಂತ ನಮಗೆ ಅನ್ನಿಸುವಷ್ಟು ಜನ ನಿಜವಾಗಿ ನೋಡುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದರ ಮೇಲೆ ಒಂದು ಪ್ರಯೋಗ ಮಾಡಿ 2000ರಲ್ಲಿ ಪ್ರಕಟಿಸಿದರು. ಒಬ್ಬ ವಿದ್ಯಾರ್ಥಿಗೆ ಹಾಕಿಕೊಳ್ಳಲು ಮುಜುಗರ ಆಗುವಂಥ ಟೀ ಶರ್ಟ್ ಕೊಟ್ಟು, ಜನ ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದುಕೊಂಡರು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟೇ. ಟೀ ಶರ್ಟ್ ಬೇರೆ, ಮನೆಯ ಕಥೆ ಬೇರೆ, ಒಪ್ಪುತ್ತೇನೆ. ಆದರೆ ನಮ್ಮ ಲೆಕ್ಕ ಸಾಮಾನ್ಯವಾಗಿ ಜಾಸ್ತಿ ಕಡೆಗೇ ತಪ್ಪುತ್ತದೆ ಅನ್ನುವುದು ನನಗೆ ಸಮಾಧಾನ ಕೊಟ್ಟ ಸಂಗತಿ.

ಎರಡನೇ ಹೆಜ್ಜೆ: ಗಾಯ ಮಾಯ್ದಿದೆಯಾ ನೋಡಿ

ಇದನ್ನು ಹಾರಿಸಬೇಡಿ. ಹಸಿ ಗಾಯವನ್ನು ಜನರ ಮುಂದೆ ಬಿಚ್ಚಬಾರದು. ಅದನ್ನು ಬಿಚ್ಚಬೇಕಾದ್ದು ವೈದ್ಯರ ಮುಂದೆ, ಅಥವಾ ನಿಮ್ಮ ತೀರ ಹತ್ತಿರದವರ ಮುಂದೆ.

ನಾನು ನನಗೆ ಕೇಳಿಕೊಂಡ ಪ್ರಶ್ನೆಗಳು ಇವು. ಈ ಕಥೆ ಹೇಳಿ ಮುಗಿಸಿದ ಮೇಲೆ ರಾತ್ರಿ ನಿದ್ದೆ ಬರುತ್ತದಾ? ಕೇಳಿದವರು ಏನೂ ಮಾತಾಡದೆ ಎದ್ದು ಹೋದರೆ ತಡೆದುಕೊಳ್ಳುತ್ತೇನಾ? ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಲು ಹೇಳುತ್ತಿದ್ದೇನಾ? ಕೊನೆಯ ಪ್ರಶ್ನೆಗೆ ನಾನು ಮೊದಲ ವರ್ಷ ಹೌದು ಅನ್ನಬೇಕಾಗಿತ್ತು. ಅಪ್ಪನ ಮೇಲೆ ಅಷ್ಟು ಸಿಟ್ಟಿತ್ತು. ಆಗ ಸುಮ್ಮನಿದ್ದದ್ದೇ ಒಳ್ಳೆಯದಾಯಿತು. ಆಗ ಹೇಳಿದ್ದರೆ ಅದು ಕಥೆ ಆಗುತ್ತಿರಲಿಲ್ಲ, ಬರೀ ಬೈಗುಳ ಆಗುತ್ತಿತ್ತು.

ಅಳು ಬರುತ್ತದೆ ಅನ್ನುವುದು ಹೇಳದಿರಲು ಕಾರಣ ಅಲ್ಲ. ಅಳು ಬಂದರೆ ಬರಲಿ. ಆದರೆ ಆ ದಿನಗಳು ಮತ್ತೆ ಕಣ್ಣ ಮುಂದೆ ನಡೆಯುತ್ತಿರುವ ಹಾಗೆ ಆಗಿ ಉಸಿರು ಕಟ್ಟಿದರೆ, ಬದುಕೇ ಬೇಡ ಅನ್ನಿಸಿದರೆ, ಕಥೆ ಕಾಯಲಿ. ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಈಗಲೂ ನಡೆಯುತ್ತಿದ್ದರೆ ನಿಮಗೆ ಬೇಕಾದ್ದು ಮೊದಲು ರಕ್ಷಣೆ. ಹೆಂಗಸರಿಗೆ 181, ಮಕ್ಕಳಿಗೆ 1098, ತುರ್ತಾದರೆ 112.

ಮೂರನೇ ಹೆಜ್ಜೆ: ಯಾರಿಗೂ ತೋರಿಸದ ಹಾಗೆ ಬರೆಯಿರಿ

ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಕೈಲಿ ಒಂದು ಕೆಲಸ ಮಾಡಿಸಿದರು. ದಿನಕ್ಕೆ 15 ನಿಮಿಷ, ಸತತ 4 ದಿನ, ಬದುಕಿನಲ್ಲಿ ಆದ ದೊಡ್ಡ ನೋವಿನ ಬಗ್ಗೆ ಬರೆಯುವುದು. ನಡೆದದ್ದನ್ನೂ ಬರೆಯಬೇಕು, ಆಗ ಏನನ್ನಿಸಿತು ಅನ್ನುವುದನ್ನೂ ಬರೆಯಬೇಕು. ಈ ಪ್ರಯೋಗ 1986ರಲ್ಲಿ ಪ್ರಕಟವಾಯಿತು. ಹಾಗೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಗಿತ್ತು. ಆಮೇಲೆ ಈ ವಿಧಾನವನ್ನು ಎಷ್ಟೋ ಕಡೆ ಪರೀಕ್ಷಿಸಿದ್ದಾರೆ. ಎಲ್ಲರಿಗೂ ಅಷ್ಟೇ ಫಲ ಸಿಕ್ಕಿಲ್ಲ, ಕೆಲವು ಕಡೆ ಪರಿಣಾಮ ಸಣ್ಣದು. ಆದರೆ ಖರ್ಚಿಲ್ಲ, ಯಾರ ಹಂಗೂ ಇಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಬರೆದ ಕೂಡಲೇ ಮನಸ್ಸು ಹಗುರಾಗುವುದಿಲ್ಲ. ಆ ವಿದ್ಯಾರ್ಥಿಗಳಿಗೂ ಬರೆದ ತಕ್ಷಣ ಬೇಸರ ಜಾಸ್ತಿಯೇ ಆಗಿತ್ತು. ನನಗೂ ಹಾಗೇ ಆಯಿತು. ಎರಡನೇ ದಿನ ಬರೆದು ಎದ್ದವಳು ರಾತ್ರಿ ಅಡುಗೆಯನ್ನೇ ಮಾಡಲಿಲ್ಲ. ಹಾಗಾಗಿ ಮಲಗುವ ಮುಂಚೆ ಬರೆಯಬೇಡಿ. ಬರೆದ ಮೇಲೆ ಕೈಗೆ ಕೆಲಸ ಇರುವ ಹೊತ್ತು ನೋಡಿಕೊಳ್ಳಿ. ನಾನು ಬೆಳಿಗ್ಗೆ ಐದೂವರೆಗೆ ಬರೆಯುತ್ತಿದ್ದೆ, ಆರಕ್ಕೆ ಹಾಲು ಕಾಯಿಸಲು ಏಳಲೇಬೇಕಿತ್ತು. ತಡೆಯಲಾಗದು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಪೆನ್ನೆಬೇಕರ್ ಅವರೂ ಅದನ್ನೇ ಹೇಳುತ್ತಾರೆ.

ಏನು ಬರೆಯುವುದು? "ನನ್ನ ಅಪ್ಪ ಕುಡುಕರಾಗಿದ್ದರು" ಅಂತ ಶುರು ಮಾಡಿದರೆ ಮುಂದೆ ಹೋಗುವುದು ಕಷ್ಟ. ಆ ವಾಕ್ಯದಲ್ಲೇ ಕಥೆ ಮುಗಿದುಹೋಗುತ್ತದೆ. ಅದರ ಬದಲು ಒಂದು ವಸ್ತು ಹಿಡಿಯಿರಿ. ನನಗೆ ಸಿಕ್ಕಿದ್ದು ಸಾರಾಯಿ ಪ್ಯಾಕೆಟ್. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದದ್ದು 2007ರ ಜುಲೈ 1ರಂದು. ಅದಕ್ಕೂ ಮೊದಲು ಬೆಳೆದ ನಮ್ಮಂಥವರಿಗೆ ಆ ಪ್ಲಾಸ್ಟಿಕ್ ಪ್ಯಾಕೆಟ್ ಗೊತ್ತು. ಮೂಲೆ ಹಲ್ಲಿನಲ್ಲಿ ಕಚ್ಚಿ ಹರಿದಿರುತ್ತಿತ್ತು. ಅಪ್ಪ ಅದನ್ನು ಹಿತ್ತಲಿನ ಕನಕಾಂಬರದ ಗಿಡದ ಬುಡಕ್ಕೆ ಸೇರಿಸುತ್ತಿದ್ದರು. ಅಮ್ಮ ಹೂವು ಬಿಡಿಸಲು ಹೋದಾಗ ಅವನ್ನು ಆರಿಸಿ ಒಲೆಗೆ ಹಾಕುತ್ತಿದ್ದಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ನನಗೆ ಇವತ್ತಿಗೂ ಆ ಹಿತ್ತಲು ಕಾಣುತ್ತದೆ. ಈ ಒಂದು ವಸ್ತುವಿನಿಂದ ನನಗೆ ಹನ್ನೊಂದು ಪುಟ ಬಂತು.

ಹಾಗೇ ನಿಮ್ಮದೂ ಒಂದು ಇರುತ್ತದೆ. ಆಸ್ಪತ್ರೆಯ ಚೀಟಿ, ಅಡವಿಟ್ಟ ಬಳೆಯ ರಸೀದಿ, ಮುಚ್ಚಿದ ಕಿಟಕಿ. ಒಂದು ದಿನಕ್ಕೆ ಒಂದೇ ದೃಶ್ಯ ಸಾಕು. ಕಾಗುಣಿತ ನೋಡಬೇಡಿ. ನಿಮ್ಮ ಮನೆಯಲ್ಲಿ ಆಡುತ್ತಿದ್ದ ಮಾತು ಹೇಗಿತ್ತೋ ಹಾಗೇ ಬರೆಯಿರಿ. ಪುಸ್ತಕದ ಭಾಷೆಗೆ ತಿದ್ದಲು ಹೋದರೆ ನಿಮ್ಮ ಅಮ್ಮನ ದನಿಯೇ ಹೋಗಿಬಿಡುತ್ತದೆ.

ಬರೆದ ಹಾಳೆಗಳನ್ನು ಎಲ್ಲಿಡಬೇಕು ಅಂತ ಮೊದಲೇ ಯೋಚಿಸಿ. ಮನೆಯಲ್ಲಿ ಬೇರೆಯವರ ಕೈಗೆ ಸಿಗುತ್ತದೆ ಅನ್ನುವ ಹೆದರಿಕೆ ಇದ್ದರೆ ಕೈ ಬಿಚ್ಚಿ ಬರೆಯಲು ಆಗುವುದಿಲ್ಲ. ಹರಿದು ಹಾಕಿದರೂ ತಪ್ಪಿಲ್ಲ. ಬರೆದ ಕೆಲಸ ಆಗಿರುತ್ತದೆ.

ನಾಲ್ಕನೇ ಹೆಜ್ಜೆ: ಒಂದು ಕಿವಿ ಹುಡುಕಿ

ಇಲ್ಲಿ ನಾನು ಎಡವಿದೆ. ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ಊಟದ ಹೊತ್ತಿನಲ್ಲಿ ಜೊತೆಗೆ ಕೂರುವ ಒಬ್ಬರಿದ್ದರು. ಡಬ್ಬಿ ಹಂಚಿಕೊಂಡು ತಿನ್ನುವಷ್ಟು ಸಲಿಗೆ. ಒಂದು ದಿನ ಮನಸ್ಸು ತಡೆಯದೆ ಹೇಳಿಬಿಟ್ಟೆ. ಮುಂದಿನ ವಾರ ಮೂರನೆಯವರೊಬ್ಬರು ಬಂದು, "ಪಾಪ, ನಿಮ್ಮ ತಂದೆ ವಿಷಯ ಕೇಳಿದೆ" ಅಂದರು. ಆ "ಪಾಪ" ಅನ್ನುವ ಮಾತು ನನ್ನನ್ನು ಮತ್ತೆ ಎರಡು ವರ್ಷ ಸುಮ್ಮನಾಗಿಸಿತು.

ಆಮೇಲೆ ಯೋಚಿಸಿದಾಗ ಗೊತ್ತಾಯಿತು, ಸೂಚನೆ ಮೊದಲೇ ಇತ್ತು. ಆಕೆ ಬೇರೆಯವರ ಮನೆಯ ಸಂಗತಿಗಳನ್ನು ನನಗೆ ಹೇಳುತ್ತಿದ್ದರು, "ನಿಮಗೆ ಮಾತ್ರ ಹೇಳ್ತಿದೀನಿ" ಅಂತ. ಬೇರೆಯವರ ಗುಟ್ಟನ್ನು ನಿಮ್ಮ ಕಿವಿಗೆ ಹಾಕುವವರು ನಿಮ್ಮದನ್ನು ಇನ್ನೊಂದು ಕಿವಿಗೆ ಹಾಕಿಯೇ ಹಾಕುತ್ತಾರೆ. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಆಗಬಾರದು ಅಂದರೆ ಇದೊಂದನ್ನು ನೋಡಿಕೊಳ್ಳಿ. ಸಲಿಗೆ ಇದೆ ಅಂದ ಮಾತ್ರಕ್ಕೆ ನಂಬಿಕೆ ಇದೆ ಅಂತಲ್ಲ.

ಈಗ ನಾನು ಹೀಗೆ ಮಾಡುತ್ತೇನೆ. ಮೊದಲು ಒಂದು ಸಣ್ಣ ವಿಷಯ ಹೇಳುತ್ತೇನೆ. ಹರಡಿದರೂ ನಷ್ಟ ಇಲ್ಲದಂಥದ್ದು. ಎರಡು ವಾರ ಕಾಯುತ್ತೇನೆ. ಅದು ಎಲ್ಲಿಂದಲೂ ತಿರುಗಿ ನನ್ನ ಕಿವಿಗೆ ಬರದಿದ್ದರೆ ಮುಂದಿನದು. ಲೆಕ್ಕಾಚಾರ ಅನ್ನಿಸಬಹುದು. ಒಮ್ಮೆ ಪೆಟ್ಟು ತಿಂದ ಮೇಲೆ ಇದು ತಪ್ಪಲ್ಲ.

ಹೇಳುವ ಮುಂಚೆ ಕೇಳುವವರನ್ನು ಸಿದ್ಧ ಮಾಡುವುದೂ ಮುಖ್ಯ. ನಮ್ಮ ಜನಕ್ಕೆ ಕಷ್ಟ ಕೇಳಿದ ಕೂಡಲೇ ಪರಿಹಾರ ಹೇಳುವ ಅಭ್ಯಾಸ. ಯಾವ ದೇವರಿಗೆ ಹರಕೆ, ಯಾವ ಡಾಕ್ಟರು, ನೀವು ಹೀಗೆ ಮಾಡಬೇಕಿತ್ತು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಮ್ಮ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಹಾಗಾಗಿ ಮೊದಲೇ ಹೇಳಿಬಿಡಿ: "ನಿಮಗೆ ಒಂದು ವಿಷಯ ಹೇಳಬೇಕು. ಹತ್ತು ನಿಮಿಷ ಸುಮ್ನೆ ಕೇಳಿ. ಸಲಹೆ ಏನೂ ಬೇಡ. ಯಾರಿಗೂ ಹೇಳಬೇಡಿ." ಈ ನಾಲ್ಕು ವಾಕ್ಯ ನನಗೆ ತುಂಬಾ ಉಪಕಾರ ಮಾಡಿವೆ. ಎದುರು ಬದುರು ಕೂತು ಹೇಳಲು ಆಗದಿದ್ದರೆ ಜೊತೆಗೆ ನಡೆಯುತ್ತಾ ಹೇಳಿ. ಕಣ್ಣು ನೋಡಬೇಕಾಗಿಲ್ಲದಿದ್ದರೆ ಮಾತು ಸುಲಭ. ನಾನು ಎರಡನೇ ಸಲ ಹೇಳಿದ್ದು ನನ್ನ ಗಂಡನಿಗೆ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಹೇಳಿ ಮುಗಿಸಿದೆ. ಅವರು ಏನೂ ಅನ್ನಲಿಲ್ಲ. ಇನ್ನೊಂದು ಸುತ್ತು ನಡೆದೆವು.

ಮೊದಲ ಕಿವಿಯಿಂದ ಜಗತ್ತಿನ ಕಿವಿಗೆ ಹೋಗಲು ಅವಸರ ಬೇಡ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ 2015ರಲ್ಲಿ ಬಹಿರಂಗವಾಗಿ ಮಾತಾಡಿದ್ದು ನಿಮಗೆ ನೆನಪಿರಬಹುದು. ಅದು ಅವರ ಮೊದಲ ಮಾತಾಗಿರಲಿಲ್ಲ. ಹಿಂದಿನ ವರ್ಷವೇ ಮಗಳ ಅಳು ನೋಡಿ ಅವರ ಅಮ್ಮನಿಗೆ ಏನೋ ಸರಿಯಿಲ್ಲ ಅಂತ ಗೊತ್ತಾಗಿತ್ತು. ಮೊದಲು ಅಮ್ಮ, ಆಮೇಲೆ ವೈದ್ಯರು, ಚಿಕಿತ್ಸೆ. ಟಿವಿ ಕ್ಯಾಮೆರಾ ಬಂದದ್ದು ಇಷ್ಟೆಲ್ಲ ಆದ ಮೇಲೆ. ನಮಗೆ ಕಾಣುವುದು ಕೊನೆಯದು ಮಾತ್ರ.

ಐದನೇ ಹೆಜ್ಜೆ: ಕಥೆಯೊಳಗಿನ ಉಳಿದವರು

ಕಥೆ ನಿಮ್ಮದೇ. ಆದರೆ ಅದರೊಳಗೆ ಬೇರೆಯವರೂ ಬದುಕಿದ್ದಾರೆ. ಈ ಹೆಜ್ಜೆಯಲ್ಲಿ ನಾನು ಆರು ತಿಂಗಳು ನಿಂತಿದ್ದೆ.

ಅಮ್ಮನಿಗೆ ಹೇಳದೆ ಯಾರ ಮುಂದೆಯೂ ಓದಬಾರದು ಅಂತ ತೀರ್ಮಾನಿಸಿದೆ. ಊರಿಗೆ ಹೋದೆ. ಅದು ಅವರೆಕಾಯಿ ಕಾಲ. ಅಮ್ಮ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. "ಅಪ್ಪನ ಬಗ್ಗೆ ಬರೆದಿದೀನಿ" ಅಂದೆ. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಓದು, ಕೇಳ್ತೀನಿ" ಅಂದಳು.

ಓದಿದೆ. ಅಮ್ಮ ಅಳಲಿಲ್ಲ. ನಡುವೆ ಎರಡು ಕಡೆ ತಿದ್ದಿದಳು. "ಅವತ್ತು ಸೋಮವಾರ ಅಲ್ಲ ಕಣೆ, ಸಂತೆ ದಿನ." "ನಿಮ್ಮಪ್ಪ ನಿನಗೆ ಯಾವತ್ತೂ ಹೊಡೆದಿಲ್ಲ, ಅದನ್ನೂ ಸೇರಿಸು." ಅದು ನಿಜ. ಹೊಡೆದಿರಲಿಲ್ಲ. ಕುಡಿಯದ ದಿನ ಲಾಟೀನಿನ ಬೆಳಕಿನಲ್ಲಿ ನನಗೆ ಮಗ್ಗಿ ಹೇಳಿಸುತ್ತಿದ್ದರು, ತಲೆ ಸವರುತ್ತಿದ್ದರು. ಸಿಟ್ಟಿನಲ್ಲಿ ನಾನು ಅದನ್ನು ಬಿಟ್ಟೇಬಿಟ್ಟಿದ್ದೆ. ಕೊನೆಗೆ ಅಮ್ಮ ಒಂದು ವಿಷಯ ಮಾತ್ರ ಬೇಡ ಅಂದಳು. ನಾನು ತೆಗೆದೆ. ಆ ವಿಷಯ ಇಲ್ಲಿಯೂ ಬರೆಯುವುದಿಲ್ಲ.

ಅತ್ತೆ ಒಪ್ಪಲಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಆಡಬಾರದು ಅಂದರು. ಅವರ ಮಾತು ನನಗೆ ಅರ್ಥವಾಗುತ್ತದೆ, ಅವರಿಗೆ ಅದು ತಮ್ಮ. ಹಾಗಾಗಿ ಕಥೆಯಲ್ಲಿ ಅತ್ತೆ ಬರುವ ಭಾಗವನ್ನು ಪೂರ್ತಿ ಬಿಟ್ಟೆ. ಆದರೆ ಕಥೆಯನ್ನು ಬಿಡಲಿಲ್ಲ. ಎಲ್ಲರ ಒಪ್ಪಿಗೆ ಸಿಗಲಿ ಅಂತ ಕಾದರೆ ಯಾರ ಕಥೆಯೂ ಹೊರಗೆ ಬರುವುದಿಲ್ಲ. ಒಪ್ಪದವರನ್ನು ಅವರ ಪಾಡಿಗೆ ಬಿಡುವುದು ನಮ್ಮ ಕೈಯಲ್ಲಿದೆ. ಹೆಸರು, ಊರು, ಕೆಲಸ ಬದಲಿಸಬಹುದು. ಆದರೆ ಒಂದೇ ಬದಲಿಸಿದರೆ ಸಾಲದು. ಹೆಸರು ತೆಗೆದು "ನಮ್ಮೂರ ಪೋಸ್ಟ್ ಮಾಸ್ಟರು" ಅಂತ ಉಳಿಸಿದರೆ ಊರಲ್ಲಿ ಇರುವುದು ಒಬ್ಬರೇ ಪೋಸ್ಟ್ ಮಾಸ್ಟರು.

ಕಾನೂನಿನ ವಿಷಯ ಸ್ವಲ್ಪ ತಿಳಿದಿರಲಿ. ಮಾನನಷ್ಟದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಬರುತ್ತದೆ. ನಿಜ ಹೇಳಿದರೆ ಸಾಕು ಅಂತ ಜನ ಅಂದುಕೊಂಡಿದ್ದಾರೆ. ಆ ಸೆಕ್ಷನ್ ಪ್ರಕಾರ ಮಾತು ನಿಜವೂ ಆಗಿರಬೇಕು, ಅದನ್ನು ಹೇಳುವುದು ಸಾರ್ವಜನಿಕರ ಹಿತಕ್ಕೂ ಆಗಿರಬೇಕು. ತೀರಿಕೊಂಡವರ ಬಗ್ಗೆ, ಅವರ ಮನೆಯವರನ್ನು ನೋಯಿಸಲೆಂದೇ ಆಡಿದ ಮಾತೂ ಇದರೊಳಗೆ ಬರಬಹುದು. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಪ್ರಕಟಿಸುವುದು 72ನೇ ಸೆಕ್ಷನ್ ಪ್ರಕಾರ ಅಪರಾಧ. ಅವರೇ ಲಿಖಿತವಾಗಿ ಒಪ್ಪಿಗೆ ಕೊಟ್ಟರೆ ಮಾತು ಬೇರೆ. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತನ್ನು ಪೋಕ್ಸೊ ಕಾಯ್ದೆ ಕಾಪಾಡುತ್ತದೆ. ಬದುಕಿರುವ ಒಬ್ಬರ ಮೇಲೆ ದೊಡ್ಡ ಆರೋಪ ಬರುವ ಕಥೆಯಾದರೆ, ಅದನ್ನು ಹೊರಗೆ ಬಿಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಇದು ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ. ದಾರಿಯಲ್ಲಿ ಹಳ್ಳ ಎಲ್ಲಿದೆ ಅಂತ ಗೊತ್ತಿದ್ದರೆ ಕಾಲು ಗಟ್ಟಿಯಾಗಿ ಊರಬಹುದು.

ಆರನೇ ಹೆಜ್ಜೆ: ನಾಲ್ಕಾರು ಜನರ ಮುಂದೆ

ಎಎ ಸಭೆಗಳ ಬಗ್ಗೆ ಕೇಳಿರಬಹುದು, ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಕೂಟ. ಅಮೆರಿಕದ ಓಹಾಯೊ ರಾಜ್ಯದ ಏಕ್ರನ್ ಎಂಬ ಊರಿನಲ್ಲಿ 1935ರಲ್ಲಿ ಇಬ್ಬರು ಕುಡಿತದ ರೋಗಿಗಳು, ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಸರ್ಜನ್, ಕೂತು ಮಾತಾಡಿದ್ದರಿಂದ ಅದು ಹುಟ್ಟಿತು. ಕರ್ನಾಟಕದ ಹಲವು ಊರುಗಳಲ್ಲೂ ಅದರ ಸಭೆಗಳಿವೆ. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಶುರುವಾಯಿತು. ಇಂಥ ಸಭೆಗಳಿಂದ ನಾವು ಕಲಿಯಬೇಕಾದ್ದು ಮೂರು ಅಭ್ಯಾಸ. ಪೂರ್ತಿ ಹೆಸರು ಹೇಳಬೇಕಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯುತ್ತದೆ. ಯಾರದೋ ಮನೆಯ ಜಗಲಿಯಲ್ಲಿ ಐದು ಜನ ಸೇರಿದರೂ ಈ ಮೂರನ್ನು ಪಾಲಿಸಬಹುದು. ನಾನು ಮೊದಲು ಓದಿದ್ದು ಗೆಳತಿಯ ಮನೆಯ ಮಹಡಿಯ ಮೇಲೆ, ಆರು ಜನರ ಮುಂದೆ.

ಅಂಥ ದಿನಕ್ಕೆ ಒಂದಿಷ್ಟು ತಯಾರಿ ಬೇಕು. ಬಾಯಿಪಾಠ ಮಾಡಬೇಡಿ, ಕಾಗದ ನೋಡಿಯೇ ಓದಿ. ಒಂದು ವಾಕ್ಯ ಮರೆತರೆ ಹೆದರಿಕೆಯಲ್ಲಿ ಎಲ್ಲವೂ ಮರೆತುಹೋಗುತ್ತದೆ. ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿ. ಗಂಟಲು ಯಾವ ಸಾಲಿನಲ್ಲಿ ಕಟ್ಟುತ್ತದೆ ಅಂತ ಗೊತ್ತಾಗುತ್ತದೆ. ಆ ಸಾಲಿನ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಹಾಕಿ. ಅಲ್ಲಿ ನಿಲ್ಲಿಸಿ, ನೀರು ಕುಡಿದು, ಉಸಿರು ನಿಧಾನಕ್ಕೆ ಬಿಟ್ಟು ಮುಂದೆ ಹೋಗಿ. ನನ್ನ ಗೆರೆ ಇದ್ದದ್ದು "ಜ್ವರ ಅಂತ ಬರಿ" ಅನ್ನುವ ಸಾಲಿಗೆ. ಕೈ ನಡುಗಿದರೆ ಹಾಳೆಯ ಕೆಳಗೆ ಒಂದು ರಟ್ಟು ಇಟ್ಟುಕೊಳ್ಳಿ, ಸದ್ದು ಬರುವುದಿಲ್ಲ. ಮೊದಲ ಸಲ ಐದು ನಿಮಿಷ ಸಾಕು. ಒಂದೇ ದೃಶ್ಯ ಓದಿ, ಬದುಕೆಲ್ಲ ಬೇಡ.

ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ ಅಂತ ಶುರುವಿನಲ್ಲೇ ಎಲ್ಲರಿಗೂ ಹೇಳಿ, ನಾಚಿಕೆ ಪಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ ಮುಂದಕ್ಕೆ ಹೋದದ್ದನ್ನು ವಾಪಸ್ ತರಲು ಆಗುವುದಿಲ್ಲ. ನೀವು ಅಳಿಸಿದರೂ ಬೇರೆಯವರು ಕಳಿಸಿದ್ದು ಅಲ್ಲೇ ಇರುತ್ತದೆ.

ಮತ್ತೆ, ನಡುವೆ ನಿಲ್ಲಿಸುವ ಹಕ್ಕು ನಿಮಗಿದೆ. ಎರಡು ಪುಟ ಓದಿ, "ಇವತ್ತಿಗೆ ಇಷ್ಟೇ" ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಮರುದಿನ ಬೆಳಿಗ್ಗೆ

ಹೇಳಿದ ದಿನ ಹಗುರ ಅನ್ನಿಸುತ್ತದೆ. ಮರುದಿನ ಬೆಳಿಗ್ಗೆ ಹಾಗಿರುವುದಿಲ್ಲ. "ಯಾಕಾದರೂ ಹೇಳಿದೆನೋ" ಅನ್ನುವ ಸಂಕಟದಲ್ಲೇ ಕಣ್ಣು ಬಿಡುತ್ತೀರಿ. ನನಗೆ ಹೊಟ್ಟೆಯೇ ತೊಳಸಿತ್ತು. ಇದು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ. ಆ ದಿನ ಯಾವ ತೀರ್ಮಾನವನ್ನೂ ಮಾಡಬೇಡಿ. ಕೇಳಿದವರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಡಿ. ಗೊತ್ತಿರುವ ಒಬ್ಬರ ಜೊತೆ ಕಾಫಿ ಕುಡಿಯಿರಿ. ನನಗೆ ಮೂರನೇ ದಿನಕ್ಕೆ ಸರಿಹೋಯಿತು.

ಕೆಲವರು ಏನಾದರೂ ಅಂದೇ ಅನ್ನುತ್ತಾರೆ. ಅದಕ್ಕೆ ಒಂದೆರಡು ಉತ್ತರ ಸಿದ್ಧ ಇರಲಿ. "ಇದನ್ನೆಲ್ಲ ಈಗ ಯಾಕೆ ಹೇಳ್ಬೇಕಿತ್ತು?" ಅಂದರೆ ನಾನು "ಈಗ ಹೇಳಲು ಆಯಿತು" ಅನ್ನುತ್ತೇನೆ. "ಪಾಪ" ಅಂದರೆ "ಈಗ ಚೆನ್ನಾಗಿದೀನಿ" ಅನ್ನುತ್ತೇನೆ. ಜಾಸ್ತಿ ವಿವರ ಕೇಳಿದರೆ "ಅಷ್ಟೇ ಹೇಳೋದು" ಅನ್ನುತ್ತೇನೆ. ವಾದಕ್ಕೆ ಇಳಿಯಬೇಡಿ. ನಿಮ್ಮ ಬಾಲ್ಯ ನಡೆದದ್ದು ಹೌದೋ ಅಲ್ಲವೋ ಅಂತ ಯಾರ ಹತ್ತಿರವೂ ಸಾಬೀತು ಮಾಡಬೇಕಾಗಿಲ್ಲ.

ಬೇರೆಯವರ ಕಥೆ ನಿಮ್ಮ ಹತ್ತಿರ ಬಂದಾಗ

ಇದಕ್ಕೆ ನನ್ನನ್ನು ಯಾರೂ ಸಿದ್ಧ ಮಾಡಿರಲಿಲ್ಲ. ನೀವು ಹೇಳಿದ ಮೇಲೆ ಜನ ತಮ್ಮದನ್ನು ಎತ್ತಿಕೊಂಡು ನಿಮ್ಮ ಹತ್ತಿರ ಬರುತ್ತಾರೆ. ಆಗ ಕೆಲಸ ತಿರುಗುತ್ತದೆ, ಕೇಳುವ ಸರದಿ ನಿಮ್ಮದು. ನಿಮಗೆ ಯಾವುದು ಹಿಂಸೆ ಅನ್ನಿಸಿತ್ತೋ ಅದನ್ನು ಅವರಿಗೆ ಮಾಡಬೇಡಿ. "ನಮ್ಮನೇಲೂ ಹೀಗೇ" ಅಂತ ನಡುವೆ ನಿಮ್ಮ ಕಥೆ ತರಬೇಡಿ. ಪರಿಹಾರ ಹೇಳಬೇಡಿ. ಅವರು ಅಪಾಯದಲ್ಲಿದ್ದಾರೆ ಅನ್ನಿಸಿದರೆ ಮಾತ್ರ ಮೇಲೆ ಬರೆದ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ನಾನು ಈಗ ಅಂಥ ಚೀಟಿಗಳನ್ನು ಪರ್ಸಿನಲ್ಲೇ ಇಟ್ಟುಕೊಂಡಿರುತ್ತೇನೆ.

ಆರು ಜನರ ಮುಂದೆ ಓದಿ ಒಂದು ವರ್ಷದ ಮೇಲೆ ಮೈಸೂರಿನ ಒಂದು ಸಣ್ಣ ಸಭಾಂಗಣದಲ್ಲಿ ಓದಿದೆ. ಮೂವತ್ತು ಜನ ಇದ್ದರು. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿ ಹೊರಟರು, ಕೆಲವರು ಕೈ ಹಿಡಿದು ಹೋದರು. ನಾನು ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಅಲ್ಲಿ ಕುರ್ಚಿ ಎತ್ತಿಡುವ ಕೆಲಸ ಮಾಡುತ್ತಿದ್ದವರೊಬ್ಬರು, ಐವತ್ತು ದಾಟಿದವರು, ಕೊನೆಯ ಸಾಲಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಅಲ್ಲೇ ನಿಂತರು. ಒಳಗೆ ಬೇರೆ ಯಾರೂ ಇರಲಿಲ್ಲ.

"ನಮ್ಮಪ್ಪನಿಗೂ ಜ್ವರ ಬರ್ತಿತ್ತು ಮೇಡಂ" ಅಂದರು.

ಅವರು ಪೇರಿಸಿಟ್ಟಿದ್ದರಲ್ಲಿ ಎರಡು ಕುರ್ಚಿ ಮತ್ತೆ ಕೆಳಗಿಳಿಸಿದೆ.